ಆಯಿಯ ಹೋಳಿಗೆ, ಮಾವನ ಬಾವಿ ಮತ್ತು ಮೀನಖಂಡದ ಇತಿಹಾಸ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ನಮ್ಮ ಉಪನಗರದ ಮುನಿಸಿಪಾಲಿಟಿ ಈಜುಕೊಳದ ಆಳದ ತುದಿಯಲ್ಲಿ, ನನ್ನ ಎಡಗಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿಬಿಟ್ಟಿತು. ಮೀನಖಂಡ ಕಲ್ಲಿನ ಗುಂಡಿನಂತೆ ಗಟ್ಟಿಯಾಯಿತು. ಪಾದ ತಾನಾಗಿಯೇ ಕೆಳಕ್ಕೆ ಬಾಗಿತು. ಕಾಲ್ಬೆರಳುಗಳು ಒಂದರ ಮೇಲೊಂದು ಏರಿ ಕೂತವು. ನೋವು ಅಂದರೆ ಅಂಥಿಂಥ ನೋವಲ್ಲ. ಬಾಯಿ ತೆರೆದೆ, ಒಂದು ಗುಟುಕು ಕ್ಲೋರಿನ್ ನೀರು ಒಳಗೆ ಹೋಯಿತು. ಕೊಳದ ಅಂಚು ಹತ್ತು ಮಾರು ದೂರವೂ ಇರಲಿಲ್ಲ. ಆದರೆ ಆ ಹೊತ್ತಿಗೆ ಅದು ನನಗೆ ಹುಬ್ಬಳ್ಳಿಯಷ್ಟು ದೂರ ಕಂಡಿತು.

ದಡದ ಮೇಲಿದ್ದ ಜೀವರಕ್ಷಕ ಹುಡುಗ ಕೂಗಿದ: "ಕಾಕಾ, ಪಾಠೀವರ್ ಝೋಪಾ!" ಬೆನ್ನ ಮೇಲೆ ಮಲಗಿ ಅಂತ. ಆ ಕ್ಷಣದಲ್ಲಿ ಯಾವ ಭಾಷೆಯಲ್ಲಿ ಹೇಳಿದ್ದರೂ ಮಾಡುತ್ತಿದ್ದೆ. ಮಲಗಿದೆ. ಮೂಗು ನೀರಿನಿಂದ ಮೇಲೆ ಬಂತು, ಉಸಿರು ಬಂತು. ಉಸಿರು ಬಂದ ಮೇಲೆ ಬುದ್ಧಿಯೂ ಬಂತು. ಅಷ್ಟರಲ್ಲಿ ಅವನು ಹಾರಿ ಬಂದು ನನ್ನ ಪಾದದ ಬೆರಳುಗಳನ್ನು ಹಿಡಿದು ಮೆಲ್ಲಗೆ ಮೊಣಕಾಲಿನ ಕಡೆಗೆ ಬಾಗಿಸಿದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಗಂಟು ಬಿಚ್ಚಿತು.

ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಾಗ ಅವನು ಕೇಳಿದ, "ಕಾಕಾ, ಏನಾದರೂ ತಿಂದು ಬಂದಿದ್ರಾ?"

ನಾನು ತಿಂದಿರಲಿಲ್ಲ. ಆದರೆ ಆ ಒಂದು ಪ್ರಶ್ನೆ ನನ್ನನ್ನು ನಲವತ್ತು ವರ್ಷ ಹಿಂದಕ್ಕೆ, ಗದಗದ ಹತ್ತಿರದ ನಮ್ಮಜ್ಜನ ಊರಿನ ಒಂದು ಬಾವಿಯ ದಂಡೆಗೆ ಕರೆದುಕೊಂಡು ಹೋಯಿತು. ಈ ಬರಹ ಹುಟ್ಟಿದ್ದು ಅಲ್ಲಿಂದ.

* * *

1981ರ ಯುಗಾದಿ. ನನಗಾಗ ಹನ್ನೊಂದು ವರ್ಷ. ಆ ಬೇಸಿಗೆಯಲ್ಲಿ ನನ್ನ ಸಣ್ಣ ಮಾವ, ಅಂದರೆ ಅವ್ವನ ಕೊನೆಯ ತಮ್ಮ, ನನಗೆ ಈಜು ಕಲಿಸುತ್ತಿದ್ದ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೆಟ್ಟಿಲ ಬಾವಿಗೆ ನೂಕುವುದೇ ಅವನ ಪಾಠಶಾಲೆ. ಇನ್ನೂ ಬುರುಡೆ ಬಿಚ್ಚುವ ಮಟ್ಟಕ್ಕೆ ನಾನು ಬಂದಿರಲಿಲ್ಲ.

ಹಬ್ಬದ ದಿನ ಮಧ್ಯಾಹ್ನ ಹೋಳಿಗೆ ಊಟ. ಆಯಿ (ನಮ್ಮ ಕಡೆ ಅಜ್ಜಿಗೆ ಆಯಿ ಅಂತೇವೆ, ಇಲ್ಲಿ ಮುಂಬಯಿಯಲ್ಲಿ ಆಯಿ ಅಂದರೆ ತಾಯಿ) ಎಲ್ಲರಿಗೂ ಬಡಿಸಿ, ಕೊನೆಗೆ ಮಾವನ ತಾಟಿಗೆ ಒತ್ತಾಯದಿಂದ ಇನ್ನೆರಡು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ಇಪ್ಪತ್ತೆರಡು ವರ್ಷದ ಮಗ, ಉಣ್ಣಲಿ ಅಂತ. ಉಂಡ ಮೇಲೆ ಅವನು ಇಬ್ಬರು ಗೆಳೆಯರ ಜೊತೆ ಬಾವಿಗೆ ಹೋದ. ಸಂಜೆಗೆ ಊರಿನವರು ಅವನನ್ನು ಹೊತ್ತು ತಂದರು.

ಊರಿನಲ್ಲಿ ಎರಡು ಮಾತು ಹುಟ್ಟಿದವು. ಗಂಗವ್ವ ಕಾಲು ಹಿಡಿದು ಎಳಕೊಂಡಳು ಅನ್ನುವುದು ಒಂದು. ತುಸು ಓದಿದವರದು ಇನ್ನೊಂದು: ಹೊಟ್ಟೆ ತುಂಬ ಉಂಡು ನೀರಿಗೆ ಬಿದ್ದ, ಕಾಲು ಸೆಳೆತು, ಮುಳುಗಿದ. ಮೊದಲನೆಯದನ್ನು ಆಯಿ ನಂಬಲಿಲ್ಲ. ಎರಡನೆಯದನ್ನು ನಂಬಿದಳು. "ನಾನ ಬಡಿಸಿದ್ನೆವ್ವಾ, ಬ್ಯಾಡ ಬ್ಯಾಡ ಅಂದ್ರೂ ನಾನ ಬಡಿಸಿದ್ನಿ" ಅಂತ 1998ರಲ್ಲಿ ತಾನು ಕಣ್ಣು ಮುಚ್ಚುವವರೆಗೆ ಹೇಳುತ್ತಿದ್ದಳು. ಹದಿನೇಳು ವರ್ಷ ಆ ಮನೆಯಲ್ಲಿ ಯುಗಾದಿಗೆ ಹೋಳಿಗೆ ಆಗಲಿಲ್ಲ. ನನ್ನ ಈಜೂ ಅಲ್ಲಿಗೇ ನಿಂತಿತು. ಡಾಕ್ಟರು ಶುಗರ್ ನೋಡಿ, ಮೊಣಕಾಲು ನೋಡಿ, ನಡೆಯುವ ಬದಲು ಈಜಿರಿ ಅಂದಾಗ ಮತ್ತೆ ನೀರಿಗೆ ಇಳಿದದ್ದು ಐವತ್ತೆರಡರಲ್ಲಿ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಒಂದು ಎಂಟ್ರಿ ಯಾರ ಖಾತೆಗೆ ಖರ್ಚು ಬಿದ್ದಿದೆ, ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅಂತ ನೋಡುವುದು ಕೈಗೆ ಅಂಟಿದ ಚಟ. ಈ ಸಾವು ಆಯಿಯ ಖಾತೆಗೆ ಬಿದ್ದದ್ದು ಸರಿಯೇ? ಕಾಲು ಸೆಳೆತ ಅಂದರೆ ಏನು? ಅದಕ್ಕೂ ಊಟಕ್ಕೂ ಏನು ಸಂಬಂಧ? ಯಾರು ಯಾವಾಗ ಈ ಸಂಬಂಧ ಕಟ್ಟಿದರು? ಒಂದೊಂದೇ ಹಳೆಯ ಲೆಡ್ಜರು ತೆಗೆದು ನೋಡುತ್ತ ಹೋದೆ. ವೈದ್ಯನಲ್ಲ ನಾನು, ಬರೀ ಬಿಕಾಂ. ಆದರೂ ಇತಿಹಾಸ ಓದಲು ಅಷ್ಟು ಸಾಕು ಅಂದುಕೊಂಡಿದ್ದೇನೆ.

* * *

ಮೊದಲು ನಮ್ಮ ಮನೆಯ ಲೆಡ್ಜರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗಳ ಅಧ್ಯಾಯವಿದೆ. ಅಲ್ಲಿ 'ಖಲ್ಲೀ' ಅನ್ನುವ ಒಂದು ಕಾಯಿಲೆ ಬರುತ್ತದೆ. ಪಾದ, ಮೊಣಕಾಲ ಕೆಳಗಿನ ಭಾಗ, ತೊಡೆ, ಕೈಯ ಬುಡ, ಇವುಗಳನ್ನು ಹಿಂಡಿ ತಿರುಚುವಂಥ ನೋವು. ನನಗೆ ಕೊಳದಲ್ಲಿ ಆದದ್ದು ಅದೇ! ವಾತ ಕೆರಳಿದ್ದೇ ಕಾರಣ ಅಂತ ಅವರ ಲೆಕ್ಕ. ವಾತಕ್ಕೆ ಹೇಳುವ ಮದ್ದು ಎಣ್ಣೆ ಮತ್ತು ಶಾಖ. ನಮ್ಮವ್ವ ಇಂದಿಗೂ ರಾತ್ರಿ ಕಾಲು ಹಿಡಿದರೆ ಕೊಬ್ಬರಿ ಎಣ್ಣೆ ಬಿಸಿ ಮಾಡುತ್ತಾಳೆ. ಎರಡು ಸಾವಿರ ವರ್ಷದ ಚೀಟಿ ಇನ್ನೂ ಚಲಾವಣೆಯಲ್ಲಿದೆ ಅನ್ನಿ.

ಇನ್ನು 'ಉಂಡ ಮೇಲೆ ಸ್ನಾನ ಮಾಡಬಾರದು' ಅನ್ನುವ ಮಾತು. ಇದೂ ಹಳೆಯದೇ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಯಾರು ಯಾರು ಸ್ನಾನ ಮಾಡಬಾರದು ಅನ್ನುವ ಪಟ್ಟಿಯಿದೆ. ನೆಗಡಿಯವರು, ಅಜೀರ್ಣದವರು, ಭೇದಿಯವರು... ಅವರ ಜೊತೆಗೆ ಆಗ ತಾನೇ ಊಟ ಮಾಡಿದವರು. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಈ ನಿಯಮ ಆರೋಗ್ಯದ ದಿನಚರಿಯದು. ಉಂಡವನು ಸ್ನಾನಕ್ಕೆ ಇಳಿದರೆ ಕಾಲು ಸೆಳೆತು ಮುಳುಗಿ ಸಾಯುತ್ತಾನೆ ಅಂತ ವಾಗ್ಭಟ ಅಲ್ಲಿ ಹೇಳಿಲ್ಲ. ಖಲ್ಲೀ ಒಂದು ಪುಟದಲ್ಲಿದೆ, ಊಟದ ನಿಷೇಧ ಇನ್ನೊಂದು ಗ್ರಂಥದ ಇನ್ನೊಂದು ಪುಟದಲ್ಲಿದೆ. ಎರಡನ್ನೂ ಸೇರಿಸಿ ಹೊಲಿದವರು ಬೇರೆ.

* * *

ಯುರೋಪಿನ ಕಡೆ ಬನ್ನಿ. ಅಲ್ಲಿ ಈಜಿನ ಕತೆಯೇ ಭಯದಿಂದ ಶುರುವಾಗುತ್ತದೆ. 1571ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಉಪಕುಲಪತಿ ಜಾನ್ ವಿಟ್‌ಗಿಫ್ಟ್ ವಿದ್ಯಾರ್ಥಿಗಳು ಹೊಳೆಗೆ ಇಳಿಯುವುದನ್ನೇ ನಿಷೇಧಿಸಿದ. ಅದೇ ಕೇಂಬ್ರಿಜ್‌ನ ಎವರಾರ್ಡ್ ಡಿಗ್ಬಿ ಅನ್ನುವ ವಿದ್ವಾಂಸ 1587ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಈಜಿನ ಮೇಲೊಂದು ಪುಸ್ತಕ ಬರೆದ. ಇಂಗ್ಲೆಂಡಿನಲ್ಲಿ ಈ ವಿಷಯಕ್ಕೆ ಅದೇ ಮೊದಲನೆಯದು. ಪುಸ್ತಕದ ತುಂಬ ಮರದಚ್ಚಿನ ಚಿತ್ರಗಳು. ಒಂದು ಚಿತ್ರದಲ್ಲಿ ಈಜುಗಾರ ನೀರಿನಲ್ಲೇ ಕಾಲು ಮೇಲೆತ್ತಿ ಚಾಕುವಿನಿಂದ ಉಗುರು ಕತ್ತರಿಸಿಕೊಳ್ಳುತ್ತಾನೆ! ನಗು ಬಂದರೂ ಯೋಚಿಸಿ ನೋಡಿ. ನೀರಿನಲ್ಲಿ ತೇಲುತ್ತ ತನ್ನ ಪಾದವನ್ನು ತಾನೇ ಕೈಗೆ ತೆಗೆದುಕೊಳ್ಳಬಲ್ಲವನಿಗೆ ಕಾಲು ಸೆಳೆತ ದೊಡ್ಡ ವೈರಿಯಲ್ಲ. ಆ ಹುಡುಗ ನನ್ನ ಪಾದಕ್ಕೆ ಮಾಡಿದ್ದನ್ನು ಡಿಗ್ಬಿಯ ಈಜುಗಾರ ತಾನೇ ಮಾಡಿಕೊಳ್ಳಬಹುದಿತ್ತು.

1696ರಲ್ಲಿ ಫ್ರಾನ್ಸಿನ ತೆವೆನೊ ಎಂಬಾತನ ಇಂಥದೇ ಪುಸ್ತಕ ಹೊರಬಂತು. ಅದರ ಇಂಗ್ಲಿಷ್ ಅನುವಾದ ಓದಿ, ಅದರಲ್ಲಿದ್ದ ಕಸರತ್ತುಗಳನ್ನೆಲ್ಲ ಕಲಿತ ಒಬ್ಬ ಹುಡುಗ ಅಮೆರಿಕದ ಬಾಸ್ಟನ್‌ನಲ್ಲಿದ್ದ. ಅವನೇ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ, ಮಿಂಚು ಅಂತ ನಾವು ಶಾಲೆಯಲ್ಲಿ ಓದಿದ ಅದೇ ಫ್ರಾಂಕ್ಲಿನ್. ಹುಡುಗನಾಗಿದ್ದಾಗ ಗಾಳಿಪಟದ ದಾರ ಹಿಡಿದು ಬೆನ್ನ ಮೇಲೆ ಮಲಗಿ ಕೆರೆ ದಾಟಿದ ಪುಣ್ಯಾತ್ಮ. ಯುವಕನಾಗಿದ್ದಾಗ ಲಂಡನ್ನಿನ ಥೇಮ್ಸ್ ನದಿಯಲ್ಲಿ ಚೆಲ್ಸಿಯಿಂದ ಬ್ಲ್ಯಾಕ್‌ಫ್ರಾಯರ್ಸ್ ತನಕ ಈಜಿ ತೋರಿಸಿದ್ದ. 1968ರಲ್ಲಿ ಅವನ ಹೆಸರನ್ನು ಅಂತರರಾಷ್ಟ್ರೀಯ ಈಜು ಕೀರ್ತಿಭವನದಲ್ಲೂ ಸೇರಿಸಿದರು.

ಈ ಫ್ರಾಂಕ್ಲಿನ್ 1770ರ ದಶಕದಲ್ಲಿ ಬಾರ್ಬ್ಯೂ ದ್ಯುಬೂರ್ ಎಂಬ ಫ್ರೆಂಚ್ ಗೆಳೆಯನಿಗೆ ಈಜಿನ ಬಗ್ಗೆ ಒಂದು ಕಾಗದ ಬರೆದ. ಅದರಲ್ಲಿ ಕಾಲು ಸೆಳೆತಕ್ಕೂ ಉಪಾಯವಿದೆ. ದೂರ ಈಜುವವನು ನಡುನಡುವೆ ಬೆನ್ನ ಮೇಲೆ ತಿರುಗುವುದು ದೊಡ್ಡ ಆರಾಮ, ಕಾಲು ಹಿಡಿದುಕೊಂಡರೆ ಹಾಗೆಯೇ ಮಲಗಿ ಆ ಕಾಲನ್ನು ಗಾಳಿಯಲ್ಲಿ ಜೋರಾಗಿ ಝಾಡಿಸಬೇಕು, ಅನ್ನುವ ಅರ್ಥದ ಸಲಹೆ ಅದು. ಜೋರಾಗಿ ಝಾಡಿಸುವುದನ್ನು ಇಂದಿನವರು ಒಪ್ಪುವುದಿಲ್ಲ, ಮೆಲ್ಲಗೆ ಎಳೆದು ಹಿಡಿಯಿರಿ ಅನ್ನುತ್ತಾರೆ. ಆದರೆ 'ಬೆನ್ನ ಮೇಲೆ ಮಲಗಿ' ಅನ್ನುವುದು? ಇನ್ನೂರೈವತ್ತು ವರ್ಷದ ನಂತರ ನಮ್ಮ ಕೊಳದ ಹುಡುಗ ಮರಾಠಿಯಲ್ಲಿ ಕೂಗಿದ್ದೂ ಅದನ್ನೇ. ಕಾರಣಗಳು ಬದಲಾಗುತ್ತ ಹೋದವು, ಈ ಒಂದು ಮಾತು ಮಾತ್ರ ಹಾಗೆಯೇ ಉಳಿಯಿತು.

* * *

ಹಾಗಾದರೆ ಊಟ ಎಲ್ಲಿಂದ ಬಂತು? ಇದನ್ನೇ ನಾನು ಹುಡುಕುತ್ತಿದ್ದದ್ದು.

ಉಂಡು ನೀರಿಗಿಳಿಯಬಾರದು ಅನ್ನುವ ಎಚ್ಚರಿಕೆ ಹಲವು ದೇಶಗಳಲ್ಲಿತ್ತು. ಆದರೆ ಅದನ್ನು ಕಾಲು ಸೆಳೆತಕ್ಕೆ, ಮುಳುಗುವುದಕ್ಕೆ ಗಂಟು ಹಾಕಿ, ಲಕ್ಷಾಂತರ ಹುಡುಗರ ಕೈಗೆ ಕೊಟ್ಟ ಒಂದು ಪುಸ್ತಕ ಸಿಕ್ಕಿತು. 1908ರಲ್ಲಿ ಬೇಡನ್ ಪೊವೆಲ್ ಬರೆದ 'ಸ್ಕೌಟಿಂಗ್ ಫಾರ್ ಬಾಯ್ಸ್'. ಊಟವಾಗಿ ಒಂದೂವರೆ ಗಂಟೆಯೊಳಗೆ ನೀರಿಗಿಳಿದರೆ ಸೆಳೆತ ಬರುವ ಸಂಭವ ಬಹಳ, ಬಂದರೆ ಕೈಕಾಲು ಆಡದೆ ಮುಳುಗುತ್ತೀರಿ, ಸತ್ತರೆ ತಪ್ಪು ನಿಮ್ಮದೇ... ಹೀಗೆ ಸಾಗುತ್ತದೆ ಅವರ ಎಚ್ಚರಿಕೆ.

ಕೊನೆಯ ಮಾತು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಪ್ಪು ನಿಮ್ಮದೇ! ಇದೇ ಅಲ್ಲವೇ ಆಯಿ ಹದಿನೇಳು ವರ್ಷ ತನಗೆ ತಾನೇ ಹೇಳಿಕೊಂಡದ್ದು?

ಸ್ಕೌಟ್ ಚಳವಳಿ ನಮ್ಮ ನಾಡಿಗೆ ಬರಲು ತಡವಾಗಲಿಲ್ಲ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು, ಕ್ಯಾಪ್ಟನ್ ಬೇಕರ್ ಎಂಬ ಸೇನಾಧಿಕಾರಿಯಿಂದ. ಆ ಪುಸ್ತಕದ ಮಾತೇ ಗದಗದ ಹಳ್ಳಿಗೆ ತಲುಪಿತು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಊರಿನಲ್ಲಿ ಇದನ್ನು ಮೊದಲು ಹೇಳಿದವರು ಅನಕ್ಷರಸ್ಥರಲ್ಲ, ಶಾಲೆ ಕಲಿತವರು ಅನ್ನುವುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಈ ನಂಬಿಕೆಯ ಹಿಂದಿನ ತರ್ಕ ಹೀಗಿತ್ತು. ಉಂಡ ಮೇಲೆ ರಕ್ತವೆಲ್ಲ ಹೊಟ್ಟೆಗೆ ಹೋಗುತ್ತದೆ, ಕೈಕಾಲಿಗೆ ಸಾಲುವುದಿಲ್ಲ, ಅದಕ್ಕೇ ಸೆಳೆತ. ಕೇಳಲು ಸರಿ ಅನ್ನಿಸುತ್ತದೆ. ಜೀರ್ಣಕ್ಕೆ ಹೆಚ್ಚು ರಕ್ತ ಹೋಗುವುದೂ ನಿಜ. ಆದರೆ ಕೈಕಾಲು ನಿಂತುಹೋಗುವಷ್ಟು ಕೊರತೆ ಆಗುವುದಿಲ್ಲ. ಆಗುವುದಿದ್ದರೆ ಹಬ್ಬದ ಊಟ ಮಾಡಿ ಗಡಿಬಿಡಿಯಿಂದ ಬಸ್ಸಿನ ಹಿಂದೆ ಓಡುವ ನಾವೆಲ್ಲ ರಸ್ತೆಯಲ್ಲೇ ಬೀಳಬೇಕಿತ್ತು. 1961ರಲ್ಲಿ ಆರ್ಥರ್ ಸ್ಟೈನ್‌ಹಾಸ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ ಈ ಊಟ-ಈಜು ಸಂಬಂಧಕ್ಕೆ ಇರುವ ಸಾಕ್ಷಿಯನ್ನು ಪರಿಶೀಲಿಸಿ, ಇದು ಹೆಚ್ಚಾಗಿ ಬರೀ ನಂಬಿಕೆ ಅಂತ ಪ್ರಶ್ನಿಸಿದ. 2011ರಲ್ಲಿ ಅಮೆರಿಕದ ರೆಡ್ ಕ್ರಾಸ್‌ನ ವೈಜ್ಞಾನಿಕ ಸಲಹಾ ಮಂಡಳಿ ಅಲ್ಲಿಯವರೆಗಿನ ಬರಹಗಳನ್ನೆಲ್ಲ ಜಾಲಾಡಿತು. ಊಟ ಮಾಡಿ ಈಜುವುದರಿಂದ ಮುಳುಗುವ ಅಪಾಯ ಹೆಚ್ಚುತ್ತದೆ ಅನ್ನಲು ಅದಕ್ಕೆ ಪುರಾವೆ ಸಿಗಲಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಸಮುದ್ರದಲ್ಲೇ ಇದೆ. 1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲಿಗನಾದ. ತೆಗೆದುಕೊಂಡದ್ದು ಸುಮಾರು 21 ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಜೊತೆಗಿದ್ದ ದೋಣಿಯಿಂದ ಅವನಿಗೆ ಕಾಫಿ, ಮಾಂಸದ ಸಾರು, ಬ್ರಾಂದಿ ಕೊಡುತ್ತಲೇ ಇದ್ದರು. 1958ರ ಸೆಪ್ಟೆಂಬರ್ 27ರಂದು ಮಿಹಿರ್ ಸೇನ್, ಮರುವರ್ಷ 1959ರ ಸೆಪ್ಟೆಂಬರ್ 29ರಂದು ಆರತಿ ಸಾಹಾ ಅದೇ ಕಾಲುವೆ ದಾಟಿದರು. ಭಾರತೀಯರಲ್ಲಿ ಆತ ಮೊದಲಿಗ, ಏಷ್ಯಾದ ಹೆಂಗಸರಲ್ಲಿ ಆಕೆ ಮೊದಲಿಗಳು. ಕಾಲುವೆ ದಾಟುವವರು ದೋಣಿ ಮುಟ್ಟುವಂತಿಲ್ಲ, ಆದರೆ ದೋಣಿಯಿಂದ ಚಾಚಿ ಕೊಟ್ಟದ್ದನ್ನು ನೀರಿನಲ್ಲೇ ತಿಂದು ಕುಡಿದು ಮುಂದುವರಿಯುತ್ತಾರೆ. ತಿಂದದ್ದಕ್ಕೆ ಮುಳುಗುವುದಾದರೆ ಇವರು ಯಾರೂ ಆಚೆ ದಡ ನೋಡುತ್ತಿರಲಿಲ್ಲ. ಅವರು ತಿಂದೇ ದಡ ಮುಟ್ಟಿದರು.

* * *

ಊಟವಲ್ಲದಿದ್ದರೆ ಮತ್ತೇನು? ಇಪ್ಪತ್ತನೆಯ ಶತಮಾನ ಬೇರೆ ಅಪರಾಧಿಯನ್ನು ಹಿಡಿಯಿತು. ಉಪ್ಪು. ಈ ಕತೆ ನಡೆದದ್ದು ನೀರಿನಲ್ಲಲ್ಲ, ಬೆಂಕಿಯ ಪಕ್ಕ.

ಹಡಗಿನ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವರು, ಉಕ್ಕಿನ ಕುಲುಮೆಯವರು, ಆಳದ ಗಣಿಯವರು, ಇವರಿಗೆಲ್ಲ ಕೈಕಾಲು ಹೊಟ್ಟೆಯ ಸ್ನಾಯು ಸೆಟೆದುಕೊಳ್ಳುವ ಕಾಯಿಲೆ ಸಾಮಾನ್ಯವಾಗಿತ್ತು. 1908ರಲ್ಲಿ ಅಮೆರಿಕದ ಡಾಕ್ಟರ್ ಎಡ್ಸಾಲ್ ಇದನ್ನು ಬಿಸಿಲು-ಶಾಖದ ಕಾಯಿಲೆ ಅಂತ ಬರೆದರು. 1923ರಲ್ಲಿ ಇಂಗ್ಲೆಂಡಿನ ಮಾಸ್ ಎಂಬ ಸಂಶೋಧಕರು ಕಾದ ಗಣಿಗಳಲ್ಲಿ ದುಡಿಯುವವರನ್ನು ಅಭ್ಯಾಸ ಮಾಡಿದರು. ಬೆವರಿನಲ್ಲಿ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಕಾರ್ಮಿಕ ಬರೀ ನೀರು ಕುಡಿದರೆ ನೀರಿನ ಲೆಕ್ಕ ಮಾತ್ರ ಸರಿಹೋಗುತ್ತದೆ, ಉಪ್ಪಿನ ಬಾಕಿ ಹಾಗೆಯೇ ನಿಲ್ಲುತ್ತದೆ. ಕುಡಿಯುವ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಸೆಳೆತ ಕಡಿಮೆ! 1930ರ ದಶಕದಲ್ಲಿ ಅಮೆರಿಕದ ಮರುಭೂಮಿಯಲ್ಲಿ ಹೂವರ್ ಅಣೆಕಟ್ಟು ಕಟ್ಟುವಾಗ ಹಾರ್ವರ್ಡ್‌ನ ಆಯಾಸ ಅಧ್ಯಯನದ ಪ್ರಯೋಗಾಲಯದವರು ಕಾರ್ಮಿಕರನ್ನು ಪರೀಕ್ಷಿಸಿ ಇಂಥದೇ ತೀರ್ಮಾನಕ್ಕೆ ಬಂದರು.

ಈ ಶೋಧ ಎಷ್ಟೋ ಕಾರ್ಮಿಕರನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕಡೆ ರೈತರು ಹೊಲಕ್ಕೆ ಹೋಗುವಾಗ ಉಪ್ಪು ಹಾಕಿದ ಮಜ್ಜಿಗೆ ಒಯ್ಯುತ್ತಿದ್ದರಲ್ಲ, ಅದಕ್ಕೂ ಇದೇ ಲೆಕ್ಕ ಹೊಂದುತ್ತದೆ. ಆದರೆ ಗಣಿಯ ಲೆಕ್ಕವನ್ನು ಎಲ್ಲ ಸೆಳೆತಕ್ಕೂ ಹಾಕಿಬಿಟ್ಟರು. ಓಟಗಾರನಿಗೂ ಉಪ್ಪು, ಈಜುಗಾರನಿಗೂ ಉಪ್ಪು. ಚಳಿಗಾಲದ ಬೆಳಿಗ್ಗೆ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಈಜಿದ ನನ್ನಂಥವನು ಅದೆಷ್ಟು ಬೆವರಿಯಾನು, ಹೇಳಿ?

ಇದೇ ಕಾಲದಲ್ಲಿ ಇನ್ನೊಂದು ಮದ್ದೂ ಜನಪ್ರಿಯವಾಯಿತು. ಮಲೇರಿಯಾಕ್ಕೆ ಕೊಡುವ ಕ್ವಿನೈನ್. ರಾತ್ರಿ ಕಾಲು ಸೆಳೆತಕ್ಕೆ ಇದನ್ನು ನುಂಗುವುದು ವಿದೇಶಗಳಲ್ಲಿ ವಾಡಿಕೆಯಾಗಿತ್ತು. ಕೆಲವರಲ್ಲಿ ಅದು ರಕ್ತದ ಪ್ಲೇಟ್‌ಲೆಟ್‌ಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ಹೃದಯದ ಬಡಿತವನ್ನೂ ಕೆಡಿಸಬಹುದು ಅಂತ ಗೊತ್ತಾದ ಮೇಲೆ 1994ರಲ್ಲಿ ಅಮೆರಿಕದ ಔಷಧ ಇಲಾಖೆ ಸೆಳೆತಕ್ಕಾಗಿ ಅದನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಯಾರಾದರೂ ನಿಮಗೆ ಹಳೆಯ ನೆನಪಿನಿಂದ ಇದನ್ನು ಹೇಳಿದರೆ ದಯವಿಟ್ಟು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

* * *

ಈಗ ನರದ ಸರದಿ. 1957ರಲ್ಲೇ ನಾರಿಸ್ ಮತ್ತು ಸಂಗಡಿಗರು ಸೆಳೆತ ಬಂದಾಗ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದಿದ್ದರು. ಸ್ನಾಯು ಮೊದಲೇ ಕುಗ್ಗಿರುವಾಗ ಅದನ್ನು ಇನ್ನೂ ಬಲವಾಗಿ ಬಿಗಿದರೆ ಸೆಳೆತ ಬರುತ್ತದೆ, ಎಳೆದು ಉದ್ದ ಮಾಡಿದರೆ ಬಿಡುತ್ತದೆ ಅಂತ ಕಂಡುಬಂದಿತ್ತು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು 1997ರಲ್ಲಿ ಇಂಥ ತುಣುಕುಗಳನ್ನೆಲ್ಲ ಸೇರಿಸಿ ಹೊಸ ವಿವರಣೆ ಮುಂದಿಟ್ಟರು. ತಪ್ಪು ರಕ್ತದ ಉಪ್ಪಿನಲ್ಲಲ್ಲ, ದಣಿದ ಸ್ನಾಯುವಿಗೂ ನರಕ್ಕೂ ನಡುವಿನ ಲೆಕ್ಕಪತ್ರದಲ್ಲಿ ಅಂತ.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪ್ರತಿ ಸ್ನಾಯುವಿನಲ್ಲಿ ಇಬ್ಬರು ಗುಮಾಸ್ತರು ಇದ್ದಾರೆ. ಒಬ್ಬ ಸ್ನಾಯುವಿನ ಒಳಗೆ ಕೂತಿದ್ದಾನೆ, ಅವನ ಕೆಲಸ 'ಬಿಗಿ, ಬಿಗಿ' ಅಂತ ಬೆನ್ನುಹುರಿಗೆ ಚೀಟಿ ಕಳಿಸುವುದು. ಇನ್ನೊಬ್ಬ ಸ್ನಾಯು ಮೂಳೆಗೆ ಅಂಟುವ ಸ್ನಾಯುರಜ್ಜುವಿನಲ್ಲಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಗುರುತಿಸಿದ್ದರಿಂದ ಅವನಿಗೆ ಗಾಲ್ಜಿಯದೇ ಹೆಸರು. ಅವನ ಕೆಲಸ 'ಸಾಕು, ಸಡಿಲಿಸು' ಅನ್ನುವುದು. ಎರಡೂ ಚೀಟಿ ತಾಳೆಯಾದರೆ ಕಾಲು ಸುಸೂತ್ರ. ಸ್ನಾಯು ದಣಿದಾಗ ಮೊದಲನೆಯವನ ಗದ್ದಲ ಹೆಚ್ಚುತ್ತದೆ, ಎರಡನೆಯವನು ತೂಕಡಿಸುತ್ತಾನೆ. ಸ್ನಾಯು ಕುಗ್ಗಿದ ಸ್ಥಿತಿಯಲ್ಲಿದ್ದರಂತೂ ರಜ್ಜುವಿನ ಮೇಲೆ ಎಳೆತ ಕಡಿಮೆ, ಅವನು ಪೂರ್ತಿ ನಿದ್ದೆ. ಆಗಲೇ ಕಾಲು ಕಲ್ಲಾಗುವುದು.

ಈಜುಗಾರನ ಕಾಲು ನೆನಪಿಸಿಕೊಳ್ಳಿ. ನೀರು ಒದೆಯುವಾಗ ಪಾದ ಹಿಂದಕ್ಕೆ ಚಾಚಿರುತ್ತದೆ, ಬೆರಳು ತುದಿಗಾಲಿನಲ್ಲಿ ನಿಂತಂತೆ. ಅಂದರೆ ಮೀನಖಂಡ ಇಡೀ ಹೊತ್ತು ಕುಗ್ಗಿಯೇ ಇರುತ್ತದೆ. ವಯಸ್ಸಾದ ಮೇಲೆ ಈಜು ಕಲಿತ ನಮ್ಮಂಥವರು ಹೆದರಿಕೆಗೆ ಪಾದವನ್ನು ಇನ್ನೂ ಬಿಗಿ ಹಿಡಿಯುತ್ತೇವೆ, ಸೊಂಟದಿಂದ ಒದೆಯುವ ಬದಲು ಮೊಣಕಾಲಿನಿಂದ ಒದೆಯುತ್ತೇವೆ. ಗೋಡೆಗೆ ಒದ್ದು ತಿರುಗುವಾಗ ಒಂದು ಜೋರು ಧಕ್ಕೆ. ಸಾಕು! ನನಗೆ ಆ ದಿನ ಹಿಡಿದದ್ದೂ ಗೋಡೆಗೆ ಒದ್ದ ಮರುಕ್ಷಣವೇ. ಪಾದವನ್ನು ಮೊಣಕಾಲಿನ ಕಡೆ ಎಳೆದಾಗ ಏಕೆ ಬಿಟ್ಟಿತು ಅನ್ನುವುದೂ ಇಲ್ಲಿ ಸ್ಪಷ್ಟ. ಎಳೆದಾಗ ರಜ್ಜು ಬಿಗಿಯಿತು, ಮಲಗಿದ್ದ ಗುಮಾಸ್ತ ಎದ್ದು 'ಸಾಕು' ಅಂದ.

ಇದರ ಮೇಲೊಂದು ಉಪ್ಪಿನಕಾಯಿ ಕತೆಯೂ ಇದೆ. 2010ರಲ್ಲಿ ಅಮೆರಿಕದ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು, ವಿದ್ಯುತ್ತಿನಿಂದ ಪಾದಕ್ಕೆ ಸೆಳೆತ ಬರಿಸಿ, ನೀರು ಇಲ್ಲವೆ ಸೌತೆಕಾಯಿ ಉಪ್ಪಿನಕಾಯಿಯ ಹುಳಿರಸ ಕುಡಿಸಿದರು. ಹುಳಿರಸ ಕುಡಿದಾಗ ಸೆಳೆತ ಬೇಗ ಬಿಟ್ಟಿತು. ಅದೂ ರಸದ ಉಪ್ಪು ರಕ್ತಕ್ಕೆ ಸೇರುವ ಮೊದಲೇ! ಹಾಗಾಗಿ ಗಂಟಲಿಗೆ ತಗುಲಿದ ಹುಳಿಯೇ ನರದ ಮೂಲಕ ಸುದ್ದಿ ಕಳಿಸಿರಬೇಕು ಅಂತ ಅವರ ಊಹೆ. ಅವರದು ವಿನೆಗರ್ ಹಾಕಿದ ಉಪ್ಪಿನಕಾಯಿ, ನಮ್ಮ ಎಣ್ಣೆಯ ಮಾವಿನಕಾಯಿಯಲ್ಲ. ಈಜುಕೊಳಕ್ಕೆ ಭರಣಿ ಒಯ್ಯಬೇಡಿ, ಕಾವಲುಗಾರ ಒಳಗೆ ಬಿಡುವುದಿಲ್ಲ.

ನರದ ವಿವರಣೆಯೇ ಕೊನೆಯ ಮಾತು ಅಂತಲ್ಲ. ವಿಪರೀತ ಬೆವರುವವರಲ್ಲಿ ಉಪ್ಪಿನ ಪಾತ್ರ ಇದ್ದೇ ಇದೆ ಅನ್ನುವ ವಿದ್ವಾಂಸರೂ ಇದ್ದಾರೆ. ವಯಸ್ಸು, ಕೆಲವು ಔಷಧಿಗಳು (ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಅದರಲ್ಲೊಂದು) ಇವೂ ಸೇರುತ್ತವೆ. ಆದರೆ ಹೊಟ್ಟೆಯೊಳಗಿನ ಹೋಳಿಗೆ ಮಾತ್ರ ಈ ಯಾವ ಪಟ್ಟಿಯಲ್ಲೂ ನನಗೆ ಸಿಗಲಿಲ್ಲ.

* * *

ಐವತ್ತು ದಾಟಿ ನೀರಿಗಿಳಿಯುವ ಗೆಳೆಯರಿಗೆ ಇಷ್ಟನ್ನು ಹೇಳಲೇಬೇಕು. ಕಾಲು ಹಿಡಿದರೆ ಒದೆಯುವುದನ್ನು ತಕ್ಷಣ ನಿಲ್ಲಿಸಿ. ಬೆನ್ನ ಮೇಲೆ ತಿರುಗಿ, ಎದೆ ತುಂಬ ಉಸಿರು ತೆಗೆದುಕೊಳ್ಳಿ. ಉಸಿರು ತುಂಬಿದ ಎದೆ ಸೋರೆಬುರುಡೆ ಇದ್ದ ಹಾಗೆ. ಕೈ ಎತ್ತಿ ಕೂಗಿ, ಇದರಲ್ಲಿ ನಾಚಿಕೆ ಬೇಡ. ಮೀನಖಂಡವಾದರೆ ಮೊಣಕಾಲು ನೇರ ಮಾಡಿ ಪಾದದ ಬೆರಳನ್ನು ನಿಮ್ಮ ಕಡೆಗೆ ಎಳೆಯಿರಿ. ಅಂಗಾಲು ಹಿಡಿದರೆ ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿ. ತೊಡೆಯ ಹಿಂಭಾಗವಾದರೆ ಕಾಲನ್ನು ನೇರ ಚಾಚಿ. ಬಿಟ್ಟ ಮೇಲೆ ಕೈಗಳಿಂದಲೇ ಮೆಲ್ಲಗೆ ದಡಕ್ಕೆ ಬನ್ನಿ, ಆ ದಿನಕ್ಕೆ ಸಾಕು ಅನ್ನಿ. ಒಮ್ಮೆ ಹಿಡಿದ ಕಾಲು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಿಡಿಯುವುದುಂಟು. ಪದೇ ಪದೇ ಬಂದರೆ, ಅಥವಾ ಒಂದೇ ಕಾಲು ಊದಿಕೊಂಡು ನೋವು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ಒಬ್ಬರೇ ಈಜಬೇಡಿ, ಕುಡಿದು ಈಜಬೇಡಿ.

ಇನ್ನು ಮಾವನ ವಿಷಯ. ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿರುತ್ತದೆ. ಎಲ್ಲಿಂದ ಬಂತು, ಯಾರಿಗೆ ಸೇರಬೇಕು ಗೊತ್ತಾಗದ ಎಂಟ್ರಿಗಳನ್ನು ತಾತ್ಕಾಲಿಕವಾಗಿ ಅಲ್ಲಿ ಇಡುತ್ತೇವೆ. ಮುಳುಗಿ ಸತ್ತವರ ವಿಷಯದಲ್ಲಿ 'ಕಾಲು ಸೆಳೆತ' ಅನ್ನುವುದು ಅಂಥದೇ ಒಂದು ಖಾತೆ ಅಂತ ನನಗೆ ಈಗ ಅನ್ನಿಸುತ್ತದೆ. ಈಜು ಬಲ್ಲವನೊಬ್ಬ ಮುಳುಗಿದ. ನೀರಿನ ಒಳಗೆ ನಡೆದದ್ದನ್ನು ನೋಡಿದವರಿಲ್ಲ. ಎದೆಯೇ ನಿಂತಿತೋ, ಹಾರಿದಾಗ ಒಳಗಿನ ಕಲ್ಲಿಗೆ ತಲೆ ತಾಗಿತೋ, ಬಿಸಿಲಿನಿಂದ ಬಂದ ಮೈ ತಣ್ಣನೆಯ ಆಳದ ನೀರಿಗೆ ಬಿದ್ದಾಗ ಉಸಿರು ಹಿಡಿತ ತಪ್ಪಿ ಒಂದು ಗುಟುಕು ಒಳಗೆ ಹೋಯಿತೋ... ಎಲ್ಲವೂ ಸಾಧ್ಯ. ನಿಜವಾಗಿಯೇ ಕಾಲು ಸೆಳೆತಿದ್ದರೂ, ಸೆಳೆತ ಯಾರನ್ನೂ ಕೆಳಗೆ ಎಳೆಯುವುದಿಲ್ಲ. ಗಾಬರಿ ಎಳೆಯುತ್ತದೆ. ನನಗೆ ಆ ಬೆಳಿಗ್ಗೆ ಕೂಗಿ ಹೇಳಲು ಒಬ್ಬ ಹುಡುಗನಿದ್ದ. ಮಾವನಿಗೆ ಇರಲಿಲ್ಲ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬಹುಶಃ ಅಷ್ಟೇ.

ಸಸ್ಪೆನ್ಸ್ ಖಾತೆಯ ಎಂಟ್ರಿಯನ್ನು ಸಿಕ್ಕವರ ಖಾತೆಗೆ ವರ್ಗಾಯಿಸಿ ಕೈತೊಳೆದುಕೊಂಡರೆ ಅದು ಅಪರಾಧ. ನಮ್ಮ ಊರು ಅದನ್ನೇ ಮಾಡಿತು, ಆಯಿ ಸಹಿ ಹಾಕಿಕೊಟ್ಟಳು.

ಇದೆಲ್ಲ ಓದಿ ಮುಗಿಸಿದ ದಿನ ರಾತ್ರಿ ಊರಿಗೆ ಫೋನ್ ಮಾಡಿದೆ. ಅವ್ವನಿಗೆ ಈಗ ಎಂಬತ್ತು ಹತ್ತಿರ. ಫ್ರಾಂಕ್ಲಿನ್, ಗಾಲ್ಜಿ ಎಲ್ಲ ಬಿಟ್ಟು ಒಂದೇ ಮಾತು ಹೇಳಿದೆ. "ಅವ್ವಾ, ಉಂಡು ಈಸಿದ್ದಕ್ಕ ಮಾವ ಹೋಗಿಲ್ಲ. ಆಯಿದು ಏನೂ ತಪ್ಪಿಲ್ಲ. ದೊಡ್ಡ ದೊಡ್ಡ ಮಂದಿ ನೋಡಿ ಹೇಳ್ಯಾರ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಇದನ್ನ ಯಾರರೆ ಅಕಿಗೆ ಹೇಳಬೇಕಾಗಿತ್ತಪಾ," ಅಂದಳು ಅವ್ವ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅದೆಲ್ಲಾ ಖರೇ. ಆದ್ರೂ ನೀ ಉಂಡ ಕೂಡ್ಲೆ ನೀರಿಗೆ ಇಳಿಬ್ಯಾಡ ಮತ್ತ," ಅಂದಳು.

ಹೂಂ ಅಂದೆ. ಪುರಾವೆ ಏನೇ ಇರಲಿ, ಇಂದಿಗೂ ಈಜುಕೊಳಕ್ಕೆ ಹೋಗುವ ಮೊದಲು ಬರೀ ಚಹಾ ಕುಡಿದು ಹೋಗುತ್ತೇನೆ.